ಕೋಟೆ ಬಿದ್ದ ಭಾನುವಾರ

ಕ್ರಾಗುಯೆವಾತ್ಸ್ ಊರಿನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಎರಡೇ ಕೋಣೆಯ ಮನೆಯಲ್ಲಿ, ಒಂದೇ ಮಧ್ಯಾಹ್ನ ನಾಲ್ಕು ಸಾವಿರ ಜನ ಕೂತು ಊಟ ಮಾಡಿದರು. ಎಲ್ಲರಿಗೂ ಕುರ್ಚಿ ಸಿಕ್ಕಿತು. ಎಲ್ಲರ ತಟ್ಟೆಗೂ ಮೀನಿನ ನಡುತುಂಡೇ ಬಂತು. ಬಡಿಸಿದವಳು ಸತ್ತು ನಲವತ್ತು ದಿನವಾಗಿದ್ದ ಹೆಂಗಸು. ಯಾರ ತಟ್ಟೆಯೂ ಬರಿದಾಗದಂತೆ ನೋಡಿಕೊಂಡಳು, ಉಪ್ಪು ಸರಿಯಾಗಿದೆಯೇ ಎಂದೂ ವಿಚಾರಿಸಿದಳು. ನಂಬದಿದ್ದರೆ ಆ ಕಟ್ಟಡದ ಮೆಟ್ಟಿಲುಗಳನ್ನೇ ಹೋಗಿ ನೋಡಿ. ಅಷ್ಟು ಜನ ಹತ್ತಿ ಇಳಿದು ಒಂದೊಂದೂ ಗೇಣುದ್ದ ಸವೆದಿವೆ.

ಆ ಹೆಂಗಸಿನ ಹೆಸರು ರೋಸಾಂದಾ. ತಾನು ಸತ್ತ ಸುದ್ದಿ ಅವಳಿಗೆ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ.

ರೋಸಾಂದಾ ಮಾರುಕಟ್ಟೆಯಲ್ಲಿ ಹೂ ಮಾರುವವಳು. ಗಂಡ ರಾಡಿಸಾವ್ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸಿ ಜೋಡಿಸಿ ನಿವೃತ್ತನಾದವನು. ನಿವೃತ್ತಿಯಾದ ಮರುದಿನ ಮಗ ವೂಕಾಶಿನ್ ತನ್ನ ಹಳೆಯ ಕಂಪ್ಯೂಟರನ್ನು ಅಪ್ಪನ ಮುಂದಿಟ್ಟು, ಹೊತ್ತು ಹೋಗಲಿ ಎಂದು ‘ಏಳು ಕೋಟೆ’ ಎಂಬ ಆನ್‌ಲೈನ್ ಆಟ ಹೇಳಿಕೊಟ್ಟ. ಹೊತ್ತು ಹೋಯಿತು. ಅದರ ಹಿಂದೆಯೇ ಮನೆಯ ನೆಮ್ಮದಿಯೂ ಹೋಯಿತು. ಆಡಿದ್ದನ್ನಾದರೆ ಮನೆಯವರು ಹೇಗೋ ಸಹಿಸಿಯಾರು. ರಾಡಿಸಾವ್ ಆಡಿ ಮುಗಿಸಿದ ಮೇಲೆ ಅದೇ ಆಟವನ್ನು ಇನ್ನೊಂದು ಸಲ ಬಾಯಲ್ಲಿ ಆಡುತ್ತಿದ್ದ. ಬೆಳಗಿನ ಕಾಫಿಗೆ ಮುತ್ತಿಗೆ, ಮಧ್ಯಾಹ್ನದ ಸೂಪಿಗೆ ಕಂದಕ, ರಾತ್ರಿ ಬ್ರೆಡ್ಡಿಗೆ ಕೈಹಾಕಿದರೆ ಕುದುರೆಯ ಲಾಳ. ಕೇಳಿ ಕೇಳಿ ಅಡುಗೆಮನೆಯ ಗೋಡೆಯ ಸುಣ್ಣ ಉದುರಿತ್ತು. ಕೆಳಗಿನ ಮನೆಯ ಕಿವುಡ ಮುದುಕ ತನ್ನ ಕಿವಿಯ ಯಂತ್ರವನ್ನು ಅಂಗಡಿಗೆ ವಾಪಸು ಕೊಟ್ಟು ಬಂದಿದ್ದ.

“ಇವತ್ತು ಉತ್ತರದ ಗೋಪುರದಿಂದ ಅವರ ತಲೆ ಮೇಲೆ ಕಾದ ಎಣ್ಣೆ ಸುರಿದ್ವಿ ನೋಡು ರೋಸಾ! ಹಂಡೆಗಟ್ಟಲೆ!”

“ಹಂಡೇನಾ? ನಮ್ಮನೇಲಿ ಒಂದು ಚಮಚ ಇಲ್ಲ. ಬೆಳಗ್ಗೇನೇ ತಾ ಅಂದಿದ್ದೆ.”

“ದಂಡನಾಯಕ ಎಣ್ಣೆ ತರೋಕೆ ಹೋಗ್ತಾನೇನೇ?”

“ದಂಡನಾಯಕ ಹುರಿದ ಮೆಣಸಿನಕಾಯಿ ತಿಂತಾನಲ್ಲ. ಅದು ಎಣ್ಣೇಲೇ ಹುರಿಯೋದು.”

ಸೊಸೆ ದುನ್ಯಾ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು. “ಮಾವ, ಉಪ್ಪು ಈ ಕಡೆ ಕೊಡ್ತೀರಾ?” ಎಂದಳು.

“ಉಪ್ಪು ಅಂದ್ಯಲ್ಲ, ನೆನಪಾಯ್ತು ನೋಡು. ನಮ್ಮ ಉಪ್ಪಿನ ಗಣಿ ಇದೆಯಲ್ಲ...”

“ಬೇಡ ಮಾವ. ಸಪ್ಪೇನೇ ತಿಂತೀನಿ.”

ರೋಸಾಂದಾಳಿಗೆ ಇವೆಲ್ಲ ನುಂಗಿ ಅಭ್ಯಾಸವಾಗಿತ್ತು. ನುಂಗಲಾಗದೆ ಉಳಿದದ್ದು ಒಂದೇ, ಹೋದ ವರ್ಷದ ಸ್ಲಾವಾ. ಸ್ಲಾವಾ ಎಂದರೆ ಮನೆಯ ಸಂತನ ಹಬ್ಬ. ಈ ಮನೆಯ ಸಂತ ನಿಕೋಲಾ, ಹಬ್ಬ ಡಿಸೆಂಬರಿನಲ್ಲಿ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ. ಬರಬೇಕೆನಿಸಿದವರು ಬರುತ್ತಾರೆ, ಬಂದವರನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದ ಮನೆ ಆಮೇಲೆ ಮನೆಯಾಗಿ ಉಳಿಯುವುದಿಲ್ಲ. ಯಜಮಾನ ಅಂದು ಕೂರುವಂತಿಲ್ಲ, ನಿಂತೇ ಎಲ್ಲರ ಗ್ಲಾಸು ತುಂಬಿಸಬೇಕು. ಹೋದ ವರ್ಷ ರಾಡಿಸಾವ್ ನಿಂತ, ಆದರೆ ತುಂಬಿಸಲಿಲ್ಲ. ಕೈಯಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಬಾಟಲಿ ಹಿಡಿದು ಪೂರ್ವದ ಗೋಡೆಯ ಯುದ್ಧವನ್ನು ಕಲ್ಲು ಕಲ್ಲಾಗಿ ವರ್ಣಿಸಿದ. ಅವರ ಮದುವೆಗೆ ಸಾಕ್ಷಿ ನಿಂತು, ಮಗನಿಗೆ ಹೆಸರಿಟ್ಟ ಧರ್ಮಬಂಧು ಖ್ರಾನಿಸ್ಲಾವ್, ಒಡಹುಟ್ಟಿದವರಿಗಿಂತ ಒಂದು ಕೈ ಮೇಲಾದವನು, ಮೀನು ಬರುವ ಮೊದಲೇ ಎದ್ದು ಟೋಪಿ ಹಾಕಿಕೊಂಡ. “ನನ್ನ ಗ್ಲಾಸು ಒಣಗಿಹೋಯ್ತು ರೋಸಾಂದಾ, ಇವನ ಗೋಡೆ ಇನ್ನೂ ಬೀಳ್ಲಿಲ್ಲ” ಎಂದು ಹೇಳಿ ಹೋದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಈ ವರ್ಷದ ನವೆಂಬರ್ ಬಂತು. ಮಗ-ಸೊಸೆ ಹೊಸ ವರ್ಷ ಕಳೆದ ಮೇಲೆ ನದಿಯಾಚೆ ತಮ್ಮದೇ ಮನೆಗೆ ಹೋಗುವವರಿದ್ದರು. ಒಂದು ಸಂಜೆ ದುನ್ಯಾ ಅತ್ತೆಗೆಂದು ಕೆಂಪು ಕಾರ್ನೇಷನ್ ಹೂ ತಂದಳು. ರೋಸಾಂದಾ ಗೊಂಚಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಒಂದು ಹೂ ಎಳೆದು ಸೊಸೆಯ ಕೋಟಿನ ಗುಂಡಿಗೆ ಸಿಕ್ಕಿಸಿದಳು.

“ನಾಲ್ಕು ತಂದಿದ್ದೀಯಲ್ಲೇ. ನಾನಿನ್ನೂ ಬದುಕಿದ್ದೀನಿ ಕಣೆ.”

“ಅಯ್ಯೋ ಅತ್ತೆ! ಎಣಿಸ್ಲೇ ಇಲ್ಲ.”

“ಹೂ ಮಾರೋಳ ಸೊಸೆ ಆಗಿ ಇಷ್ಟು ಗೊತ್ತಿಲ್ವಾ? ಬದುಕಿರೋರಿಗೆ ಮೂರು, ಐದು. ಸರಿ ಲೆಕ್ಕದ ಹೂವೆಲ್ಲ ಸ್ಮಶಾನಕ್ಕೆ.”

ಅದಾದ ಭಾನುವಾರ ಕೋಟೆ ಬಿತ್ತು.

ಅಂದು ಮಧ್ಯಾಹ್ನ ಮಹಾಯುದ್ಧವಿತ್ತು. ವಾರವಿಡೀ ರಾಡಿಸಾವ್ ಅದನ್ನೇ ಜಪಿಸಿದ್ದ. ಊರಿನ ಪಾರಿವಾಳಗಳಿಗೂ ವಿಷಯ ತಿಳಿದು ಅವು ಚೌಕ ಬಿಟ್ಟು ಹೋಗಿದ್ದವು. ರೋಸಾಂದಾ ಸಾರ್ಮಾ ಮಾಡಿದ್ದಳು. ಹುಳಿ ಬರಿಸಿದ ಎಲೆಕೋಸಿನಲ್ಲಿ ಸುತ್ತಿದ ಹಂದಿಮಾಂಸದ ಆ ಉಂಡೆಗಳನ್ನು ದಂಡನಾಯಕ ಒಂದು ಪಾತ್ರೆ ಪೂರ್ತಿ ತಿಂದ, ತಳದ ರಸವನ್ನು ಬ್ರೆಡ್ಡಿನಿಂದ ಒರೆಸಿ ತಿಂದ. “ಯುದ್ಧಕ್ಕೆ ಖಾಲಿ ಹೊಟ್ಟೇಲಿ ಹೋಗ್ಬಾರ್ದು” ಎಂದು ಬೆಲ್ಟು ಸಡಿಲಿಸಿ ಕೋಣೆಗೆ ಹೋಗಿ, ಕಿವಿಗೆ ಹೆಡ್‌ಫೋನ್ ಏರಿಸಿ ಬಾಗಿಲು ಹಾಕಿಕೊಂಡ. ಮಗ-ಸೊಸೆ ಹೊಸ ಮನೆಯ ಬಣ್ಣ ನೋಡಲು ಹೋದರು. ರೋಸಾಂದಾ ಪಾತ್ರೆ ತೊಳೆದು, ನಡುಮನೆಗೆ ವ್ಯಾಕ್ಯೂಮ್ ಕ್ಲೀನರ್ ಹಾಕಿ, ಕಾಲು ಚಾಚಿ ಕೂತಳು.

ಕತ್ತಲಾಗುವ ಹೊತ್ತಿಗೆ ಬಾಗಿಲು ತೆರೆಯಿತು. ರಾಡಿಸಾವನ ಮುಖ ಬಿಳಿಚಿಕೊಂಡಿತ್ತು. ಒಂದು ಕೆನ್ನೆಯ ಮೇಲೆ ಕೀಲಿಮಣೆಯ ಚೌಕಗಳು ಅಚ್ಚೊತ್ತಿದ್ದವು.

“ಬಿತ್ತು” ಎಂದ.

“ಏನ್ ಬಿತ್ತು? ಏನಾಯ್ತೋ?”

“ಕೋಟೆ! ಏಳು ವರ್ಷ ಬೀಳದಿದ್ದ ಕೋಟೆ!” ಅವನ ಕಣ್ಣು ಸುತ್ತ ಹುಡುಕಿ, ಮೂಲೆಯಲ್ಲಿದ್ದ ವ್ಯಾಕ್ಯೂಮ್ ಕ್ಲೀನರಿನ ಮೇಲೆ ನಿಂತಿತು. “ನಿನ್ನ ಆ ಯಂತ್ರ! ಅದು ತಂತಿ ಎಳೀತು. ಯುದ್ಧದ ನಟ್ಟ ನಡುವೆ ನನ್ನ ಇಂಟರ್‌ನೆಟ್ ಹೋಯ್ತು!”

ರೋಸಾಂದಾ ಗೋಡೆಯ ಕಡೆ ತಿರುಗಿ ನೋಡಿದಳು. “ತಂತಿ ಗೋಡೇಲೇ ಇದೆಯಲ್ಲೋ...”

“ನಾನು ಆಮೇಲೆ ಸಿಕ್ಕಿಸಿದ್ದು. ಅಷ್ಟರಲ್ಲಿ ಎಲ್ಲಾ ಮುಗೀತು. ನಮ್ಮ ದಂಡಿನ, ಚಾಚಾಕ್‌ನ ಝಗೋರ್ಕಾ ಇದ್ದಾಳಲ್ಲ, ಮೂರು ವರ್ಷ ಕಷ್ಟಪಟ್ಟು ಕಟ್ಟಿದ ಊರು ಅವಳದು, ಸುಟ್ಟು ಬೂದಿಯಾಯ್ತು. ಅಳ್ತಾ ಇದ್ಲು ರೋಸಾ, ಅಳ್ತಾ ಇದ್ಲು!”

ಮುಂದಿನ ಎರಡು ವಾರ ಆ ಮನೆಯಲ್ಲಿ ಆ ತಂತಿಯದೇ ಮಾತು. ಸಾರು ತಣ್ಣಗಿದ್ದರೆ ತಂತಿ, ಅಂಗಿಯ ಗುಂಡಿ ಕಿತ್ತರೆ ತಂತಿ. ದುನ್ಯಾ ಒಮ್ಮೆ ಸೀನಿದ್ದಕ್ಕೆ “ಬಿದ್ದ ಕೋಟೆಯ ಧೂಳು” ಎಂದ.

ಈ ಸಲ ರೋಸಾಂದಾ ಎದುರು ಮಾತಾಡಲಿಲ್ಲ. ವಿಚಿತ್ರವೆಂದರೆ ಅದೇ. ಆಟ ಅವಳಿಗೆ ಬೇಕಿರಲಿಲ್ಲ, ಆದರೆ ಯಾರೋ ಹೆಂಗಸು ಅತ್ತಳು ಎಂಬುದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಹೂ ಕಟ್ಟುತ್ತಾ ಕೂತಾಗಲೂ ಪಕ್ಕದ ಅಂಗಡಿಯವಳನ್ನು ಕೇಳುತ್ತಿದ್ದಳು: “ಗೊತ್ತಿಲ್ದೆ ಒಬ್ಬರ ಮನೆ ಸುಟ್ರೆ ಪಾಪ ಬರುತ್ತಾ?” ಗಂಡನಿಗೆ ಆಕ್ರೋಟಿನ ಪೇಸ್ಟ್ರಿ ಮಾಡಿಕೊಟ್ಟಳು. ವ್ಯಾಕ್ಯೂಮ್ ಕ್ಲೀನರನ್ನು ಬಾಲ್ಕನಿಗೆ ಹಾಕಿ, ಪೊರಕೆ ಹಿಡಿದು ಬಗ್ಗಿ ಗುಡಿಸಿದಳು. ಒಂದು ದಿನ ಹಾಗೆ ಬಗ್ಗಿದವಳು ಸೊಂಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಅದನ್ನು ಕಂಡ ವೂಕಾಶಿನ್‌ಗೆ ತಡೆಯಲಾಗಲಿಲ್ಲ.

“ಅಪ್ಪ, ಸಾಕು ಮಾಡು. ಅಮ್ಮ ಮುಗ್ಗರಿಸಿ ಬಿದ್ರೂ ನೀನು ಕೋಟೆ ಅಂತೀಯಾ.”

“ನಿನಗೇನೋ ಗೊತ್ತು? ದಂಡು ನಡೆಸೋನ ಸಂಕಟ...”

“ಕೇಳಿಲ್ಲಿ. ಈ ಸ್ಲಾವಾಕ್ಕೆ ಖ್ರಾನಿಸ್ಲಾವ್ ಮಾವನ ಕೈಕಾಲು ಹಿಡಿದು ಬರೋಕೆ ಒಪ್ಪಿಸಿದ್ದೀನಿ. ಅವತ್ತು ಜನರ ಮುಂದೆ ಆ ಆಟದ ಸುದ್ದಿ ಬಂತೋ, ಗೋಡೆ ಮೇಲಿರೋ ನಿಕೋಲನ ಪಟ ಇಳಿಸ್ಕೊಂಡು ನನ್ನ ಹೊಸ ಮನೆಗೆ ಹೋಗ್ತೀನಿ. ಮುಂದಿನ ವರ್ಷದಿಂದ ಮೇಣದಬತ್ತಿ ಅಲ್ಲೇ ಹಚ್ಚೋದು. ನೀವಿಬ್ರೂ ಅತಿಥಿಗಳಾಗಿ ಬನ್ನಿ.”

ಆ ಏಟು ಸರಿಯಾಗಿ ಬಿದ್ದದ್ದು ರೋಸಾಂದಾಳಿಗೆ. ಮದುವೆಯಾಗಿ ಬಂದ ವರ್ಷ ಅತ್ತೆ ಅವಳ ಕೈಯಿಂದಲೇ ಆ ಪಟಕ್ಕೆ ಮೊಳೆ ಹೊಡೆಸಿದ್ದರು. ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ ಆ ಮೊಳೆ ಕಿತ್ತಿರಲಿಲ್ಲ. ತಾನು ಬದುಕಿರುವಾಗಲೇ ಆ ಮೊಳೆ ಬರಿದಾಗುವುದೆಂದರೆ, ಒಲೆ ಇದ್ದೂ ಬೆಂಕಿ ಇಲ್ಲದಂತೆ.

“ಪಟದ ಮೇಲೆ ಕೈಯಿಟ್ಟು ಹೇಳು. ಸ್ಲಾವಾದ ಮೇಣದಬತ್ತಿ ಆರೋ ತನಕ ಆಟದ ಸುದ್ದಿ ಎತ್ತಲ್ಲ ಅಂತ ಹೇಳು ಮಾರಾಯ. ನಿನ್ನ ದಮ್ಮಯ್ಯ” ಎಂದಳು.

ರಾಡಿಸಾವ್ ಕೈಯಿಟ್ಟ, ಹೇಳಿದ. ಮತ್ತು ಯಾರೂ ನಿರೀಕ್ಷಿಸದ ಕೆಲಸ ಮಾಡಿದ: ಆಡಿದ ಮಾತಿನಂತೆ ನಡೆದ.

ಆ ಮನೆಯವರು ಅಂಥ ಮೌನ ಕಂಡಿರಲಿಲ್ಲ. ಊಟದ ಹೊತ್ತಿಗೆ ಚಮಚದ ಸದ್ದಿಗೆ ದುನ್ಯಾ ಬೆಚ್ಚಿಬೀಳುತ್ತಿದ್ದಳು. ರಾಡಿಸಾವ್ ಎಣ್ಣೆ ತಂದ. ಹೇಳದೆಯೇ ಆಲೂಗಡ್ಡೆ ಸುಲಿದ. ಒಂದು ಬೆಳಿಗ್ಗೆ ಹೆಂಡತಿಯ ಹೂವಿನ ಬಕೆಟ್ಟುಗಳನ್ನು ಮಾರುಕಟ್ಟೆಯವರೆಗೂ ಹೊತ್ತ.

“ಅತ್ತೆ, ಮಾವನಿಗೆ ಜ್ವರಾನಾ? ಮಾತ್ರೆ ತರ್ಲಾ?”

“ಸುಮ್ನಿರು. ಎಬ್ಬಿಸಬೇಡ.”

ಕಂಪ್ಯೂಟರಿನ ಮುಂದೆ ಮಾತ್ರ ಅವನು ಕೂರುತ್ತಿದ್ದ, ಮೊದಲಿನ ಗತ್ತಿಲ್ಲದೆ. ತೆರೆಯ ಮೇಲೆ ಯಾರೋ ಬರೆದದ್ದನ್ನು ಓದಿ ತಲೆ ತಗ್ಗಿಸುವನು, ಏನನ್ನೋ ಬರೆಯಹೋಗಿ ಅಳಿಸುವನು. ರೋಸಾಂದಾ ಬಾಗಿಲ ಸಂದಿಯಿಂದ ಇದನ್ನು ನೋಡಿದಳು. ನನ್ನಿಂದ ಇವನಿಗೆ ಸ್ನೇಹಿತರೆಲ್ಲ ಬೈಯುತ್ತಿದ್ದಾರೆ ಎಂದುಕೊಂಡಳು.

ಸ್ಲಾವಾ ಬಂತು. ಕ್ರಿಸ್‌ಮಸ್ಸಿನ ಉಪವಾಸದ ಕಾಲವಾದ್ದರಿಂದ ಮಾಂಸ, ಬೆಣ್ಣೆ, ಮೊಟ್ಟೆ ಇಲ್ಲ, ಮೀನು ಮಾತ್ರ. ರೋಸಾಂದಾ ಕೊಂಡು ತಂದ ಕಾರ್ಪ್ ಮೀನು ದೋಣಿಯಷ್ಟಿತ್ತು, ಒಲೆಯಲ್ಲಿಡಲು ಬಾಲವನ್ನು ಕಿಟಕಿಯಿಂದಾಚೆ ಚಾಚಬೇಕಾಯಿತು. ಬೀನ್ಸ್ ಬೆಂದವು, ಆಕ್ರೋಟು ಸೇರಿಸಿದ ಸಿಹಿಗೋಧಿ ಗೋಪುರವಾಯಿತು, ಹಿಟ್ಟಿನ ಹೂಗಳಿದ್ದ ಹಬ್ಬದ ಬ್ರೆಡ್ಡು ಹೊಂಬಣ್ಣಕ್ಕೆ ಬಂತು. ಮಧ್ಯಾಹ್ನ ಖ್ರಾನಿಸ್ಲಾವ್ ಬಂದ. ಟೋಪಿ ತೆಗೆದು ತೊಡೆಯ ಮೇಲೆಯೇ ಇಟ್ಟುಕೊಂಡ, ಯಾವಾಗ ಬೇಕಾದರೂ ಏಳುವವನಂತೆ. ರಾಡಿಸಾವ್ ಮೇಣದಬತ್ತಿ ಹಚ್ಚಿದ. ಗ್ಲಾಸು ತುಂಬಿಸಿದ. ಖ್ರಾನಿಸ್ಲಾವ್ ಖಾಲಿ ಮಾಡಿದ. ಮತ್ತೆ ತುಂಬಿಸಿದ.

“ಏನಯ್ಯಾ, ಸಮಾಚಾರ?” ಎಂದ ಖ್ರಾನಿಸ್ಲಾವ್, ಹೆದರಿಕೊಂಡೇ.

“ಚಳಿ ಜಾಸ್ತಿ” ಎಂದ ರಾಡಿಸಾವ್. ಅಷ್ಟೇ.

ಖ್ರಾನಿಸ್ಲಾವ್ ಟೋಪಿಯನ್ನು ಗೂಟಕ್ಕೆ ಹಾಕಿದ. ರೋಸಾಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಟದ ಕಡೆ ನೋಡಿ ಕಣ್ಣೊರೆಸಿಕೊಂಡಳು. ಆಗ ಬಾಗಿಲ ಗಂಟೆ ಹೊಡೆದುಕೊಂಡಿತು.

ತೆರೆದರೆ, ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆಯ, ಗಟ್ಟಿಮುಟ್ಟಾದ ಹೆಂಗಸು. ಒಂದು ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ, ಇನ್ನೊಂದರಲ್ಲಿ ಬಿಳಿ ಸೇವಂತಿಗೆ. ಹೂವಿನವಳ ಕಣ್ಣು ತಾನಾಗಿಯೇ ಎಣಿಸಿತು: ಎಂಟು.

“ದಂಡನಾಯಕರ ಮನೆ ಇದೇನಾ? ನಾನು ಝಗೋರ್ಕಾ. ಚಾಚಾಕ್‌ನಿಂದ ಬಂದೆ.”

ರೋಸಾಂದಾ ಒಂದು ಹೆಜ್ಜೆ ಮುಂದೆ ಬಂದಳು. “ಅಯ್ಯೋ ತಾಯಿ! ನೀವಾ? ನಿಮ್ಮ ಊರು... ನನ್ನಿಂದಾಗಿ ನಿಮ್ಮ ಊರು ಸುಟ್ಟುಹೋಯ್ತು. ಬೇಕು ಅಂತ ಮಾಡಿದ್ದಲ್ಲ ನಾನು...”

ಝಗೋರ್ಕಾ ಪಾತ್ರೆಯನ್ನು ಕೆಳಗಿಟ್ಟು ಅವಳನ್ನು ಬಾಚಿ ತಬ್ಬಿಕೊಂಡಳು. “ಊರು ಹಾಳಾಗ್ಲಿ ಬಿಡಿ ಅಕ್ಕ, ಅದು ಆಟ. ನೀವು ಅವರ ಅಕ್ಕನೋ ತಂಗಿಯೋ ಇರ್ಬೇಕು. ಹೋದೋರು ಹೋದ್ರು, ಇರೋರು ಗಟ್ಟಿಯಾಗಿರ್ಬೇಕು. ಪಾಪ ರೋಸಾಂದಾ!”

“ರೋಸಾಂದಾ... ಏನಾದ್ಲು?”

“ಅಂದ್ರೆ? ಇವತ್ತು ನಲವತ್ತನೇ ದಿನದ ತಿಥಿ ಅಲ್ವಾ? ಕೋಟೆ ಬಿದ್ದ ಭಾನುವಾರ. ಗಂಡನ ತೋಳಲ್ಲೇ ಪ್ರಾಣ ಬಿಟ್ರಂತಲ್ಲ.”

ಮೆಟ್ಟಿಲಿನಲ್ಲಿ ಇನ್ನೂ ಹೆಜ್ಜೆ ಸಪ್ಪಳ. ಕಪ್ಪು ಕೋಟುಗಳು ಒಂದರ ಹಿಂದೊಂದು ಮೇಲೆ ಬಂದವು. ನೀಶ್‌ನ ಬಸ್ ಚಾಲಕ ಪ್ರೆದ್ರಾಗ್ ಬೀನ್ಸಿನ ಮಡಕೆ ಹಿಡಿದಿದ್ದ. ಅವನ ಹಿಂದಿನವರ ಕೈಯಲ್ಲಿ ಕಾಫಿಪುಡಿ, ಬ್ರೆಡ್ಡು, ಮೇಣದಬತ್ತಿ. ಎಲ್ಲರ ಕೈಯಲ್ಲೂ ಹೂ: ಆರು, ಎಂಟು, ನಾಲ್ಕು. ಒಂದು ಗೊಂಚಲಿನಲ್ಲೂ ಬೆಸ ಸಂಖ್ಯೆ ಇರಲಿಲ್ಲ.

ರೋಸಾಂದಾ ಕೂಗಲಿಲ್ಲ. ಸ್ಲಾವಾದ ದಿನ ಬಾಗಿಲಿಗೆ ಬಂದವರು. ಬಾಯಿ ಅದಾಗಿಯೇ ಅಭ್ಯಾಸದ ಮಾತು ಆಡಿತು: “ಒಳಗೆ ಬನ್ನಿ.”

ಅವರನ್ನು ಕಂಡದ್ದೇ ರಾಡಿಸಾವನ ಕೈಯಿಂದ ಬಾಟಲಿ ಜಾರಿತು. ರಾಕಿಯಾ ಖ್ರಾನಿಸ್ಲಾವನ ಬೂಟಿನೊಳಗೆ ಹರಿಯಿತು.

“ಯಾರಮ್ಮ ಇವರೆಲ್ಲ?” ವೂಕಾಶಿನ್ ಎದ್ದು ನಿಂತ.

“ನನ್ನ ಸಾವಿಗೆ ಬಂದಿದ್ದಾರೆ ಕಣೋ. ಕುರ್ಚಿ ಹಾಕು.”

ಬಂದವರಿಗೆ ಅದು ಕೇಳಿಸಲಿಲ್ಲ. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಒಬ್ಬೊಬ್ಬರಾಗಿ ರಾಡಿಸಾವನನ್ನು ತಬ್ಬಿಕೊಳ್ಳುತ್ತಿದ್ದರು. ಪ್ರೆದ್ರಾಗ್ ಗದ್ಗದನಾಗಿ ಹೇಳಿದ: “ದಂಡನಾಯಕರೇ, ಸ್ಲಾವಾಕ್ಕೆ ಮುನ್ನೂರು ಜನ ಉಣ್ತಾರೆ, ಮನೆ ಬಾಗಿಲು ತೆರೆದೇ ಇರುತ್ತೆ ಅಂತ ನೀವೇ ಹೇಳಿದ್ರಲ್ಲ. ಹೆಂಡತಿ ಇಲ್ಲದ ಮನೇಲಿ ಈ ಸಲ ಯಾರು ಬೇಯಿಸ್ತಾರೆ ಅಂತ ನಾವೇ ಮಾಡ್ಕೊಂಡು ಬಂದ್ವಿ. ನೀವು ಹೇಳಿದ್ದ ದ್ರಾಕ್ಷಿತೋಟ, ಬಂಗಲೆ ಅಂತೆಲ್ಲ ಹುಡುಕಿ ಹುಡುಕಿ... ಕೊನೆಗೆ ಇಲ್ಲಿ ಸಿಕ್ತು.”

ರೋಸಾಂದಾ ಅವನ ಮಡಕೆ ತೆರೆದು, ಒಂದು ಚಮಚ ಬೀನ್ಸ್ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

“ಉಪ್ಪು ಕಮ್ಮಿ. ನನ್ನ ನಲವತ್ತನೇ ದಿನಕ್ಕೆ ಇನ್ನೊಂದು ಚಿಟಿಕೆ ಹಾಕ್ಬೋದಿತ್ತು” ಎಂದಳು. “ನಾನೇ ರೋಸಾಂದಾ.”

ಝಗೋರ್ಕಾ ಚೀರಿದ ಚೀರಿಗೆ ಊರಿನ ನಾಯಿಗಳೆಲ್ಲ ಒಮ್ಮೆಗೇ ಬೊಗಳಿದವು. ಪ್ರೆದ್ರಾಗ್ ಗೋಡೆಗೆ ಒರಗಿದ. ದುನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನೆಲದಲ್ಲೇ ಕೂತಳು. ಖ್ರಾನಿಸ್ಲಾವ್ ಗೂಟದ ಟೋಪಿಗೆ ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟ.

ವೂಕಾಶಿನ್ ಮಾತ್ರ ಕದಲಿದ. ಗೋಡೆಯ ಹತ್ತಿರ ಹೋಗಿ ನಿಕೋಲನ ಪಟವನ್ನು ಎರಡೂ ಕೈಯಿಂದ ಎತ್ತಿದ. ಹಿಂದೆ ಗೋಡೆಯ ಮೇಲೆ ಒಂದು ಬಿಳಿಯ ಚೌಕವೂ ಆ ಮೊಳೆಯೂ ಉಳಿದವು.

“ಆಟದ ಮಾತು ಹಾಗಿರ್ಲಿ. ಆದ್ರೆ ನಮ್ಮ ಅಮ್ಮನ್ನೇ ಸಾಯಿಸಿದ್ದೀಯಲ್ಲಪ್ಪ!”

“ನಾನೇನು ಬೇಕಂತ...” ರಾಡಿಸಾವ್ ತೊದಲಿದ. “ಇವಳೇ! ಇವಳೇ ತಂತಿ ಎಳೆದದ್ದು! ಹೆಂಡತಿ ಕಸ ಗುಡಿಸೋವಾಗ ತಂತಿ ಕಿತ್ತು ಕೋಟೆ ಬಿತ್ತು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಎಲ್ಲಿ ಹೋಗಿದ್ರಿ, ಎಲ್ಲಿ ಹೋಗಿದ್ರಿ ಅಂತ ಇವರೆಲ್ಲ ಕೇಳ್ತಾ ಇದ್ರು. ಬಾಯಿಗೆ ಬಂದಿದ್ದು ಅದೊಂದೇ. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ, ಎಲ್ಲರೂ ಅತ್ತುಬಿಟ್ರು...”

“ಹಾಗಾದ್ರೆ ತಪ್ಪು ನನ್ನದೇ” ಎಂದಳು ರೋಸಾಂದಾ. ಅವಳಿಗೆ ಸೊಂಟ ಹಿಡಿದ ದಿನದ ಪೊರಕೆ ನೆನಪಾಯಿತು.

ಪ್ರೆದ್ರಾಗ್ ತಲೆ ಕೆರೆದುಕೊಂಡ. “ತಂತಿ? ತಂತಿ ಎಲ್ಲಿ ಹೋಗಿತ್ತು ದಂಡನಾಯಕರೇ? ನೀವು ಪೂರ್ತಿ ಹೊತ್ತು ನಮ್ಮ ಜೊತೆಗೇ ಇದ್ರಲ್ಲ.”

“ಅಂದ್ರೆ?” ಎಂದಳು ರೋಸಾಂದಾ.

“ಇವರ ಮೈಕು ತೆರೆದೇ ಇತ್ತಮ್ಮ. ಕೋಟೆ ಬೀಳೋ ತನಕ ಇವರು ಅಳೋದು ನಮಗೆಲ್ಲ ಕೇಳ್ತಾ ಇತ್ತು. ಆಗ ಏನು ಅಂತ ಗೊತ್ತಾಗ್ಲಿಲ್ಲ. ರಾತ್ರಿ ಇವರು ಹೀಗಾಯ್ತು ಅಂದ ಮೇಲೆ ಅರ್ಥವಾಯ್ತು. ಅಬ್ಬಾ, ಆ ಅಳು! ಕಲ್ಲೂ ಕರಗಬೇಕು.”

“ಎಂಥಾ ಅಳು? ಮಾಡಿ ತೋರಿಸಪ್ಪ.”

ಪ್ರೆದ್ರಾಗ್ ಸಂಕೋಚದಿಂದ ಸುತ್ತ ನೋಡಿ, ಕಣ್ಣು ಮುಚ್ಚಿ ಮಾಡಿ ತೋರಿಸಿದ. ಮೊದಲು ಆಳದಿಂದ, ಮರ ಕೊಯ್ಯುವ ಗರಗಸದಂತೆ ಒಂದು ಎಳೆತ. ಆಮೇಲೆ ಉಸಿರೇ ನಿಂತಂತೆ ಮೌನ. ಆಮೇಲೆ ಮಡಕೆಯ ನೀರು ಕುದಿದಂತೆ ಗೊಳಗೊಳ.

ರೋಸಾಂದಾ ಕಿವಿಗೊಟ್ಟು ಮುಂದೆ ಬಾಗಿದಳು.

“ಕೊನೇಲಿ ಸಣ್ಣದೊಂದು ಶಿಳ್ಳೆ ಇತ್ತಾ?” ಎಂದಳು ರೋಸಾಂದಾ.

“ಇತ್ತು ಇತ್ತು! ಅದೇ ತಡೆಯೋಕಾಗ್ಲಿಲ್ಲ ನಮಗೆ.”

ಮದುವೆಯಾದಂದಿನಿಂದ ಆ ಶಿಳ್ಳೆಯನ್ನು ಪಕ್ಕದಲ್ಲೇ ಮಲಗಿ ಕೇಳಿದವಳು ರೋಸಾಂದಾ. ಮೇಜಿನ ಮೇಲಿದ್ದ ಹೂಗೊಂಚಲುಗಳ ಹತ್ತಿರ ಹೋದಳು. ಒಂದೊಂದರಿಂದಲೂ ಒಂದೊಂದು ಹೂ ಎಳೆದಳು. ಎಂಟಿದ್ದದ್ದು ಏಳಾಯಿತು, ಆರಿದ್ದದ್ದು ಐದಾಯಿತು. “ಇವು ನನಗೆ. ಥ್ಯಾಂಕ್ಸ್” ಎಂದು ಅವನ್ನೆಲ್ಲ ನೀರಿನ ಜಗ್ಗಿಗೆ ಹಾಕಿದಳು. ಎಳೆದ ಹೂಗಳನ್ನು ಒಂದು ಗ್ಲಾಸಿನಲ್ಲಿಟ್ಟು, ಉರಿಯುತ್ತಿದ್ದ ಮೇಣದಬತ್ತಿಯ ಪಕ್ಕ, ಗಂಡನ ಎದುರಿಗೆ ಇಟ್ಟಳು. ಆರು ಹೂ.

“ಇವು ನಿನಗೆ.”

ರಾಡಿಸಾವ್ ಎಣಿಸಿದ. ಹೂ ಮಾರುವವಳ ಗಂಡ, ಎಣಿಸಬಲ್ಲ.

“ರೋಸಾ, ಹೀಗೆ ಮಾಡಬೇಡ ಕಣೆ...”

“ನಾನು ಒಬ್ಬಳ ಊರು ಸುಟ್ಟೆ ಅಂತ ಇಷ್ಟು ದಿನ ಗಂಟಲಲ್ಲಿ ಅನ್ನ ಇಳೀದೆ ಇದ್ದೆ. ನೀನು ಎದುರಿಗೇ ಕೂತು ನೋಡ್ತಾ ಇದ್ದೆ. ಸತ್ತೋರು ಮಾತಾಡಲ್ಲ ರಾಡಿಸಾವ್. ಬದುಕಿದ್ರೆ ಬಾಯಿಬಿಡು.”

ಬಾಯಿ ಮುಚ್ಚಿಸಲು ಇಡೀ ಮನೆ ಒದ್ದಾಡಿದ್ದ ಆ ಮನುಷ್ಯನಿಗೆ ಈಗ ಬಾಯಿ ತೆರೆಯಲು ಒಂದು ಯುಗ ಹಿಡಿಯಿತು. ಮೇಣ ಕರಗಿ ತಟ್ಟೆಗೆ ಇಳಿಯಿತು.

“ನಿದ್ದೆ ಬಂತು” ಎಂದ.

“ಜೋರಾಗಿ.”

“ನಿದ್ದೆ ಬಂತು! ಸಾರ್ಮಾ ತಿಂದು ಕೂತಿದ್ದೆ, ಕೋಣೆ ಬೆಚ್ಚಗಿತ್ತು, ಮೊದಲ ಬಾಣ ಬಿಡೋಕೂ ಮುಂಚೆ ಕಣ್ಣು ಮುಚ್ಕೊಂಡ್ತು. ತಂತಿ ಗೋಡೆ ಬಿಟ್ಟು ಕದಲಲಿಲ್ಲ. ನೀನು ಏನೂ ಮಾಡಿಲ್ಲ. ಬಂಗಲೆ ಇಲ್ಲ, ತೋಟ ಇಲ್ಲ.” ಅವನು ಮಗನ ಕಡೆ ತಿರುಗಿದ. “ದಂಡನಾಯಕನೂ ಅಲ್ಲ ನಾನು.”

“ಅಂದ್ರೆ?”

ಝಗೋರ್ಕಾ ಮೂಗೊರೆಸಿಕೊಂಡು ಹೇಳಿದಳು: “ದಂಡನಾಯಕ ಅನ್ನೋದು ಅವರು ಇಟ್ಕೊಂಡ ಹೆಸರು ಅಷ್ಟೆ. ದಂಡು ನಡೆಸೋಳು ನಾನು. ಇವರದು ದಕ್ಷಿಣದ ಬಾಗಿಲ ಕಾವಲು.”

“ಶತ್ರುಗಳು ಒಳಗೆ ಬಂದಿದ್ದು ಯಾವ ಬಾಗಿಲಿಂದ?” ಎಂದು ಕೇಳಿದ ಖ್ರಾನಿಸ್ಲಾವ್. ಕೋಟೆಯ ವಿಷಯ ಅವನಾಗಿ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ರಾಡಿಸಾವ್ ತಲೆ ತಗ್ಗಿಸಿದ.

ರೋಸಾಂದಾ ಆ ಗ್ಲಾಸಿನಿಂದ ಒಂದು ಹೂ ತೆಗೆದು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಐದು ಉಳಿದವು.

“ವೂಕಾಶಿನ್, ಆ ಪಟ ಎಲ್ಲಿತ್ತೋ ಅಲ್ಲಿ ಹಾಕು. ಬ್ರೆಡ್ಡು ಇನ್ನೂ ಮುರಿದಿಲ್ಲ.”

“ಅಮ್ಮ, ಇಷ್ಟೆಲ್ಲ ಆದ ಮೇಲೂ...”

“ಮೊಳೆ ಹೊಡೆದೋಳು ನಾನು. ಹಾಕು ಅಂದೆ.”

ವೂಕಾಶಿನ್ ಪಟವನ್ನು ಮೊಳೆಗೆ ಹಾಕಿದ. ರೋಸಾಂದಾ ಮೀನಿನ ತಟ್ಟೆ ತರಲು ಒಳಗೆ ಹೋದಳು. ಹೋಗುವಾಗ ಬಾಲ್ಕನಿಯ ಬಾಗಿಲು ತೆರೆದು ವ್ಯಾಕ್ಯೂಮ್ ಕ್ಲೀನರನ್ನು ಕಾಲಿನಿಂದ ಒಳಕ್ಕೆ ನೂಕಿದಳು. “ಅತಿಥಿಗಳು ಹೋದ ಮೇಲೆ ಇದು ನಿನ್ನ ಕೆಲಸ ಕಾವಲುಗಾರ. ಈಗ ಗ್ಲಾಸು ತುಂಬ್ಸು.”

ಇಷ್ಟು ಕೇಳಿದ ಮೇಲೆ, ಲೆಕ್ಕ ಬಲ್ಲವರು ಇಲ್ಲಿಗೆ ಸುಮ್ಮನಿರುವುದಿಲ್ಲ. ಗೊಂಚಲಿಗೊಂದರಂತೆ ಎಳೆದರೆ ಆರೇ ಹೂ ಬಂತಲ್ಲ, ಹಾಗಾದರೆ ನಾಲ್ಕು ಸಾವಿರ ಜನ ಎಲ್ಲಿಂದ ಬಂದರು ಎಂದು ಕೇಳುತ್ತಾರೆ. ರೋಸಾಂದಾಳೂ ಹಾಗೆಯೇ ಕೇಳಿದಳು: “ಅವತ್ತು ಪಾತ್ರೆ ತೊಳೆದೋಳು ನಾನು. ನಾಲ್ಕು ಸಾವಿರ ತಟ್ಟೆ ಯಾರು ತೊಳೆದ್ರು?”

ಸಿಕ್ಕಿಬಿದ್ದದ್ದಾಯಿತು, ಹೇಳಿಬಿಡುವುದೇ ಸರಿ. ಬಂದವರು ಆರು ಜನ. ಕುರ್ಚಿ ಸಾಲದೆ ಇಬ್ಬರು ಹಾಸಿಗೆಯ ಅಂಚಿನಲ್ಲಿ ತಟ್ಟೆ ಹಿಡಿದು ಕೂತರು. ಮೆಟ್ಟಿಲು ಮೊದಲೇ ಸವೆದಿತ್ತು. ಮೀನು ಒಲೆಯೊಳಗೆ ಸಲೀಸಾಗಿ ಹಿಡಿಸಿತ್ತು. ಅದರ ನಡುತುಂಡು ಖ್ರಾನಿಸ್ಲಾವನಿಗೆ ಹೋಯಿತು, ಈ ಕಥೆ ಹೇಳುವವನಿಗೆ ಬಂದದ್ದು ಬಾಲ. ಇನ್ನು, ಸತ್ತ ಹೆಂಗಸೊಬ್ಬಳು ನಿಂತು ಬಡಿಸಿದಳು ಎಂದೆನಲ್ಲ, ಆ ಸುಳ್ಳೊಂದು ನನ್ನದಲ್ಲ. ಅದು ರಾಡಿಸಾವನದು.